ಕಲ್ಲು ಮುಗಿದಲ್ಲಿರುವ ಮನೆ

ಉಳ್ಳಾಲದಲ್ಲಿ ಮಳೆಗಾಲ ಹತ್ತಿರವಾಯಿತೆಂದು ತಿಳಿಯಲು ಆಕಾಶ ನೋಡಬೇಕೆಂದಿಲ್ಲ. ಕಗ್ಗಲ್ಲು ತುಂಬಿದ ಟಿಪ್ಪರ್‌ಗಳು ತೊಕ್ಕೊಟ್ಟಿನಿಂದ ಇಳಿದು ಕಡಲಿನ ಕಡೆಗೆ ಸಾಲುಗಟ್ಟಿದರೆ ಸಾಕು. ಕೆಲವು ವರ್ಷ ಅವು ಮಳೆಗೆ ಮುಂಚೆ ಬರುತ್ತವೆ, ಕೆಲವು ವರ್ಷ ಯಾರದೋ ಅಡುಗೆಮನೆಯ ಗೋಡೆ ನೀರುಪಾಲಾದ ಮೇಲೆ. ಕಲ್ಲು ಸುರಿಯುವಾಗ ಹತ್ತಿರದ ಮನೆಗಳ ಪಾತ್ರೆಗಳು ಅದುರುತ್ತವೆ. ಆ ಸದ್ದಿಗೆ ಕೆಲವರು ನೆಮ್ಮದಿಯಿಂದ ಮಗ್ಗುಲು ಬದಲಾಯಿಸುತ್ತಾರೆ. ಕಲ್ಲು ಎಲ್ಲಿಗೆ ಮುಗಿಯುತ್ತದೋ ಅದರ ಆಚೆಗಿನ ಮನೆಯವರು ಮಾತ್ರ ಎದ್ದು ಹೊರಗೆ ಬಂದು ನಿಲ್ಲುತ್ತಾರೆ. ನನಗೆ ಹೇಳಬೇಕಾಗಿರುವುದು ಆ ಆಚೆಗಿನ ಮನೆಯ ಬಗ್ಗೆ.

ಕಡಲ ಬದಿಯಲ್ಲಿ ಬದುಕಿದವರಿಗೆ ಇದನ್ನು ಯಾವ ಇಂಜಿನಿಯರೂ ಹೇಳಿಕೊಡಬೇಕಾಗಿಲ್ಲ. ಹೊಯ್ಗೆಯ ದಡಕ್ಕೆ ಬಂದ ತೆರೆ ಇಳಿಜಾರಿನಲ್ಲಿ ಮೇಲೇರಿ, ಸುಸ್ತಾಗಿ ಹಿಂದೆ ಸರಿಯುತ್ತದೆ. ಕಲ್ಲಿಗೆ ಬಡಿದ ತೆರೆಗೆ ಸುಸ್ತಾಗಲು ಜಾಗವಿಲ್ಲ. ಅದು ಬಂದ ರಭಸದಲ್ಲೇ ಹಿಂದಿರುಗುತ್ತಾ ಕಲ್ಲಿನ ಬುಡದ ಹೊಯ್ಗೆಯನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆ ಮುಗಿದಲ್ಲಿ ಅದೇ ತೆರೆ ತಿರುಗಿ, ಕಲ್ಲಿಲ್ಲದ ದಡವನ್ನು ಬದಿಯಿಂದ ಕಚ್ಚತೊಡಗುತ್ತದೆ. ಗೋಡೆಯ ಹಿಂದೆ ಸಿಕ್ಕಿಕೊಂಡ ಮಣ್ಣು, ಹೊಯ್ಗೆ ಆಚೆಯ ದಡಕ್ಕೆ ದಕ್ಕುವುದೂ ನಿಂತುಹೋಗುತ್ತದೆ. ಕಡಲ್ಕೊರೆತ ನಿಂತಿತು ಎಂದು ಪತ್ರಿಕೆಯಲ್ಲಿ ಬರುತ್ತದೆ. ಅದು ನಿಂತಿರುವುದಿಲ್ಲ, ಮನೆ ಬದಲಾಯಿಸಿರುತ್ತದೆ.

ಹಾಗಾದರೆ, ನನ್ನ ಮನೆ ಉಳಿಸುವ ಕಲ್ಲು ನೆರೆಯವನ ಮನೆಯನ್ನು ಕೆಡವುತ್ತದೆಂದು ಗೊತ್ತಿದ್ದೂ ಆ ಕಲ್ಲು ಹಾಕಿಸಿಕೊಳ್ಳುವ ಹಕ್ಕು ನನಗಿದೆಯೇ?

ಪ್ರಶ್ನೆ ಚಿಕ್ಕದು. ಆದರೆ ಉಳ್ಳಾಲವನ್ನು ಬಲ್ಲವರಿಗೆ ಅದು ಎಷ್ಟು ತೊಡಕಿನದು ಎಂದು ಗೊತ್ತು. ಮಂಗಳೂರಿನಿಂದ ದಕ್ಷಿಣಕ್ಕೆ ನೇತ್ರಾವತಿಯ ಸೇತುವೆ ದಾಟಿದೊಡನೆ ಸಿಗುವ ಊರಿದು. ಈಗ ಇದಕ್ಕೆ ನಗರಸಭೆಯಿದೆ, ಇದರ ಹೆಸರಿನಲ್ಲೇ ತಾಲೂಕು ಇದೆ. 2011ರ ಜನಗಣತಿಯಲ್ಲೇ ಜನಸಂಖ್ಯೆ 50,000 ದಾಟಿತ್ತು. ಆದರೂ ಜನರ ಬಾಯಲ್ಲಿ ಇದು ಮಂಗಳೂರಿನ ಬಾಲ. ಬೆಳಿಗ್ಗೆ ಸಿಟಿ ಬಸ್ಸುಗಳು ತುಂಬಿ ಹೋಗುತ್ತವೆ, ಸಂಜೆ ತುಂಬಿ ಬರುತ್ತವೆ. ನದಿಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿರುವ ಕೋಟೆಪುರದಲ್ಲಿ ಮೀನಿನೆಣ್ಣೆ, ಮೀನಿನ ಹುಡಿ ಮಾಡುವ ಕಾರ್ಖಾನೆಗಳು. ಗಾಳಿ ಈ ಕಡೆ ತಿರುಗಿದ ದಿನ ಬೂತಾಯಿಯ ವಾಸನೆ ಊರಿಡೀ. ಮೊಗವೀರಪಟ್ನದಲ್ಲಿ ಮೊಗವೀರರು, ಮುಕ್ಕಚ್ಚೇರಿಯ ಕಡೆ ಬ್ಯಾರಿಗಳು, ಪೆರ್ಮನ್ನೂರಿನ ಇಗರ್ಜಿಯ ಸುತ್ತ ಕೊಂಕಣಿಯಾಡುವ ಕ್ರೈಸ್ತರು. ಚಾದರದ ಮೇಲೆ ಕುಳಿತು ಕಡಲು ದಾಟಿ ಬಂದರೆಂದು ಐತಿಹ್ಯವಿರುವ ಸಯ್ಯಿದ್ ಮದನಿಯವರ ದರ್ಗಾದಲ್ಲಿ ಐದು ವರ್ಷಕ್ಕೊಮ್ಮೆ ಉರೂಸು. ದಕ್ಷಿಣಕ್ಕೆ ಹೋದರೆ ಸೋಮೇಶ್ವರದಲ್ಲಿ ಕಡಲ ಬಂಡೆಗಳ ಮೇಲೆ ಸೋಮನಾಥ ದೇವಸ್ಥಾನ. ಇಲ್ಲಿ ಮೀನು ಮಾರುವ ಹೆಂಗಸು ತುಳುವಿನಲ್ಲಿ ಬೆಲೆ ಹೇಳಿ, ಬ್ಯಾರಿಯಲ್ಲಿ ಚೌಕಾಸಿ ಕೇಳಿ, ಕನ್ನಡದಲ್ಲಿ ಬೈಯಬಲ್ಲಳು. ನಾನು ಘಟ್ಟದ ಮೇಲಿಂದ ಬಂದವನು, ಮನೆಯಲ್ಲಿ ದಖನಿ ಆಡುವವನು. ನನಗೆ ಈ ಊರು ಮೊದಲು ಕಲಿಸಿದ್ದು ಕಿವಿಗೊಟ್ಟು ಕೇಳುವುದನ್ನು.

ಕಡಲಿಗೆ ಅಂಟಿದ ಮೊದಲ ಸಾಲಿನಲ್ಲಿ ಇರುವವರು, ಯಾವ ಜಾತಿಯವರಾದರೂ, ಹೆಚ್ಚಾಗಿ ಬಡವರು. ಸಮುದ್ರಕ್ಕೆ ಜಾತಿ ಧರ್ಮವಿಲ್ಲ ಎಂಬ ಮಾತನ್ನು ಪ್ರತಿಯೊಂದು ಸೌಹಾರ್ದ ಸಭೆಯಲ್ಲೂ ಕೇಳಿ ಚಪ್ಪಾಳೆ ತಟ್ಟಿದ್ದೇವೆ. ಸಮುದ್ರಕ್ಕೆ ಇಲ್ಲ, ನಿಜ. ಕಲ್ಲಿನ ಲಾರಿಗೆ ಮಾತ್ರ ವಾರ್ಡು ಇದೆ. ಕಲ್ಲು ಇಲ್ಲಿ ಮುಗಿದು ಅಲ್ಲಿ ಶುರುವಾಗುವುದರೊಳಗೆ ಒಂದು ವಾರ ಕಳೆದರೆ, ಆ ವಾರದಲ್ಲಿ ‘ಅವರ ಕಡೆಗೆ ಮೊದಲು ಹಾಕಿದರು’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಅವರು ಯಾರು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇಂತಹ ಮಾತು ಎಷ್ಟು ಬೇಗ ಬೆಂಕಿ ಹಿಡಿಯುತ್ತದೆಂದು ಬರೆದು ತಿಳಿಸಬೇಕಿಲ್ಲ. ಆದ್ದರಿಂದ ಕಲ್ಲಿನ ಪ್ರಶ್ನೆಯನ್ನು ಇಲಾಖೆಗೆ ಬಿಟ್ಟು ಸುಮ್ಮನಿರುವುದು ಸಾಧ್ಯವಿಲ್ಲ ಎನ್ನುತ್ತೇನೆ.

ಎರಡು ಭಾಷೆಗಳ ಶಾಲೆಯಲ್ಲಿ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ, ಒಂದು ಶಬ್ದ ಸಿಕ್ಕಿದರೆ ಇನ್ನೊಂದು ಭಾಷೆಯ ಶಬ್ದದ ಪಕ್ಕದಲ್ಲಿಟ್ಟು ನೋಡುವುದು. ಪಕ್ಕದ ಮನೆಯವನಿಗೆ ಉರ್ದುವಿನಲ್ಲಿ ಹಮ್‌ಸಾಯಾ ಎನ್ನುತ್ತಾರೆ. ಒಂದೇ ನೆರಳನ್ನು ಹಂಚಿಕೊಂಡವನು ಎಂದು ಅದರ ಅರ್ಥ. ಬಿಸಿಲಿನ ನಾಡಿನಲ್ಲಿ ಹುಟ್ಟಿದ ಶಬ್ದವಿರಬೇಕು. ನನ್ನ ಗೋಡೆಯ ನೆರಳು ನಿನ್ನ ಅಂಗಳದಲ್ಲಿ, ನಿನ್ನ ಮರದ ನೆರಳು ನನ್ನ ಜಗಲಿಯಲ್ಲಿ. ಕನ್ನಡದಲ್ಲಿ ಅವನು ನೆರೆಯವನು. ಅದೇ ‘ನೆರೆ’ ಎಂಬ ಶಬ್ದಕ್ಕೆ ಹೊಳೆ ಉಕ್ಕಿ ಬರುವುದು ಎಂಬ ಅರ್ಥವೂ ಇದೆ. ಪಂಡಿತರು ಇವೆರಡರ ಮೂಲ ಏನೆಂದು ಬೇಕಾದರೂ ಹೇಳಲಿ, ಉಳ್ಳಾಲದಲ್ಲಿ ಕುಳಿತವನಿಗೆ ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಈ ಕಡೆಯ ಜನ ನೆರೆಹೊರೆ ಎನ್ನುವುದಿಲ್ಲ, ನೆರೆಕರೆ ಎನ್ನುತ್ತಾರೆ. ಕರೆ ಎಂದರೆ ದಡ. ಒಂದೇ ನೆರಳಿನವರಾಗುವುದು ಸುಲಭ, ಒಂದೇ ದಡದವರಾಗುವುದು ಕಷ್ಟ. ನೆರಳನ್ನು ಹಂಚಿದರೆ ಕಡಿಮೆಯಾಗುವುದಿಲ್ಲ, ದಡ ಆಗುತ್ತದೆ.

ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋದದ್ದೂ ಉಂಟು, ಸುಮಾರು 200 ವರ್ಷಗಳ ಹಿಂದೆ, ಇಂಗ್ಲೆಂಡಿನಲ್ಲಿ. ಸಸೆಕ್ಸ್ ಸೀಮೆಯ ಪ್ಯಾಗಮ್ ಎಂಬ ಕಡಲತಡಿಯಲ್ಲಿ ದಡ ಕಾಯುವ ಹೊಣೆ ಹೊತ್ತ ಅಧಿಕಾರಿಗಳು ತಡೆಗಳನ್ನು ಕಟ್ಟಿದರು. ಅದರಿಂದ ಪಕ್ಕದ ಜಮೀನಿನ ಮೇಲೆ ಕಡಲಿನ ಹೊಡೆತ ಜೋರಾಯಿತು. ಜಮೀನಿನವನು ಪರಿಹಾರ ಕೇಳಿದ. 1828ರಲ್ಲಿ ತೀರ್ಪಾಯಿತು. ಅದರ ಸಾರ ಇಷ್ಟು: ಕಡಲು ಎಲ್ಲರ ಸಮಾನ ಶತ್ರು. ಪ್ರಾಮಾಣಿಕವಾಗಿ ತನ್ನ ರಕ್ಷಣೆ ಮಾಡಿಕೊಳ್ಳುವವನು ಪಕ್ಕದವನಿಗಾದ ನಷ್ಟಕ್ಕೆ ಹೊಣೆಯಲ್ಲ. ಪಕ್ಕದವನೂ ತನ್ನ ರಕ್ಷಣೆ ತಾನು ಮಾಡಿಕೊಳ್ಳಲಿ.

ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪಕ್ಕದವನಿಗೂ ಕಲ್ಲು ತರಿಸುವ ಶಕ್ತಿ ಇದ್ದಾಗ ಮಾತ್ರ ಇದು ನ್ಯಾಯ. ಮೂರು ಸೆಂಟ್ಸ್ ಜಾಗದಲ್ಲಿ ಹೆಂಚಿನ ಮನೆ ಕಟ್ಟಿಕೊಂಡು ಬಲೆ ಹೆಣೆಯುವವನಿಗೆ ‘ನೀನೂ ಕಟ್ಟಿಕೋ’ ಎನ್ನುವುದು ಉತ್ತರವಲ್ಲ, ಕುಚೋದ್ಯ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗೋಡೆ ಎಲ್ಲಾದರೂ ಒಂದು ಕಡೆ ಮುಗಿಯಲೇಬೇಕು. ಕರ್ನಾಟಕದ 300 ಚಿಲ್ಲರೆ ಕಿ.ಮೀ. ಕರಾವಳಿಗೆ ಪೂರ್ತಿ ಕಲ್ಲು ಹಾಸಿದರೂ ತಲಪಾಡಿ ದಾಟಿದ ಮೇಲೆ ಕೇರಳದಲ್ಲಿ ಮೊದಲನೆಯ ಮನೆ ಅಂತ ಒಂದು ಇದ್ದೇ ಇದೆ. ಪೂರ್ತಿ ಕಲ್ಲು ಹಾಸಿದ ದಡದಲ್ಲಿ ನಾಡದೋಣಿ ಎಳೆಯುವುದೆಲ್ಲಿ, ಕೈರಂಪಣಿ ಬಿಡುವುದೆಲ್ಲಿ ಎಂಬುದು ಮತ್ತೊಂದು ಸಂಗತಿ. ಮೀನುಗಾರನ ಮನೆ ಉಳಿಸಿ ಅವನ ಅಂಗಳ ಕಸಿದುಕೊಂಡಂತೆ.

ಕಡಲು ಶತ್ರು ಎಂಬ ಮಾತನ್ನೇ ಇಲ್ಲಿಯವರು ಒಪ್ಪುವುದಿಲ್ಲ. ನಾನು ಈ ಮೊಕದ್ದಮೆಯ ಕತೆ ಹೇಳಿದಾಗ ಪರಿಚಯದ ಹಿರಿಯ ಮೊಗವೀರರೊಬ್ಬರು, “ಹಾಗೆಲ್ಲ ಬರೆಯಬೇಡಿ ಮಾರಾಯ್ರೆ, ಅನ್ನ ಕೊಡುವವಳನ್ನು ಶತ್ರು ಅನ್ಲಿಕ್ಕುಂಟಾ?” ಎಂದರು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಮನೆಯ ಗೋಡೆ ಕಚ್ಚುವ ಅದೇ ಕಡಲಿಗೆ, ಮಳೆ ಇಳಿದ ಮೇಲೆ ಶ್ರಾವಣದಲ್ಲಿ ಹಾಲೆರೆದು, ತೆಂಗಿನಕಾಯಿ ಬಿಟ್ಟು ಪೂಜೆ ಮಾಡುತ್ತಾರೆ. ಈ ಊರಿಗೆ ಕಡಲಿನಿಂದ ಶತ್ರು ಬಂದದ್ದು ನಿಜ, ಆದರೆ ಕಡಲೇ ಶತ್ರುವಾಗಿ ಅಲ್ಲ. 16ನೇ ಶತಮಾನದಲ್ಲಿ ಬಂದದ್ದು ಪೋರ್ಚುಗೀಸರು. ಜೈನ ಮನೆತನದ ರಾಣಿ ಅಬ್ಬಕ್ಕನ ಪಡೆಯಲ್ಲಿ ಮೊಗವೀರರೂ ಮುಸ್ಲಿಮರೂ ಜೊತೆಯಾಗಿ ನಿಂತರು. ಅದನ್ನು ಸಮಾನ ಶತ್ರು ಎನ್ನಬಹುದು, ಏಕೆಂದರೆ ಎಲ್ಲರೂ ಒಟ್ಟಾಗಿ ಎದುರಿಸಿದರು. ಒಬ್ಬೊಬ್ಬನೂ ತನ್ನ ಬಾಗಿಲು ಭದ್ರಪಡಿಸಿ ಶತ್ರುವನ್ನು ಪಕ್ಕದ ಮನೆಗೆ ದಾಟಿಸಿದರೆ ಆ ಶಬ್ದ ಸಲ್ಲುವುದಿಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡಾಗ ಅವಳು ಬರಿಗಾಲಿನಲ್ಲಿ ನೀರಿನ ಕಾಲುವೆಯ ಕೆಲಸ ನೋಡಲು ಬಂದಿದ್ದಳಂತೆ. ನೀರು ಎಲ್ಲಿಂದ ತಿರುಗಿ ಎಲ್ಲಿಗೆ ಹೋಗುತ್ತದೆಂದು ಆಳುವವರು ನಿಂತು ನೋಡುವ ಕಾಲ ಇತ್ತು ಎಂಬುದಕ್ಕಾಗಿ ಇದನ್ನು ನೆನೆದೆ.

ಇನ್ನು ನಮ್ಮ ಫಿಕ್ಹ್ ಏನು ಹೇಳುತ್ತದೆ? ಒಟ್ಟೋಮನ್ ಆಳ್ವಿಕೆಯಲ್ಲಿ 1869ರಿಂದ 1876ರವರೆಗೆ ಹನಫಿ ನ್ಯಾಯಶಾಸ್ತ್ರವನ್ನು ಸಂಹಿತೆಯಾಗಿ ಹೊಂದಿಸಿದ ಮಜಲ್ಲ ಎಂಬ ಗ್ರಂಥದ ಆರಂಭದಲ್ಲಿ ಕೆಲವು ಮೂಲಸೂತ್ರಗಳಿವೆ. ಅವುಗಳಲ್ಲಿ ಒಂದರ ಪ್ರಕಾರ, ಒಂದು ಹಾನಿಯನ್ನು ಅದರಂಥದೇ ಇನ್ನೊಂದು ಹಾನಿಯಿಂದ ನಿವಾರಿಸುವಂತಿಲ್ಲ. ಪ್ಯಾಗಮ್ ತೀರ್ಪಿಗೆ ಇದು ನೇರ ಎದುರು. ನನ್ನ ಮನೆಯ ಮೇಲೆ ಬರುವ ತೆರೆಯನ್ನು ನಿನ್ನ ಮನೆಗೆ ಕಳಿಸಿದರೆ ಹಾನಿ ನಿವಾರಣೆಯಾಗಲಿಲ್ಲ, ವರ್ಗಾವಣೆಯಾಯಿತು.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಅದೇ ಗ್ರಂಥದಲ್ಲಿ ಅದರ ಬೆನ್ನಿಗೇ ಇನ್ನೊಂದು ಸೂತ್ರವಿದೆ. ಸಾರ್ವಜನಿಕರಿಗಾಗುವ ಹಾನಿಯನ್ನು ತಪ್ಪಿಸಲು ಒಬ್ಬನಿಗಾಗುವ ಹಾನಿಯನ್ನು ಸಹಿಸಬೇಕಾಗುತ್ತದೆ ಎಂದು. ಕಲ್ಲಿನ ಹಿಂದೆ ನೂರಾರು ಮನೆ, ಮಸೀದಿ, ಭಜನಾ ಮಂದಿರ, ಶಾಲೆ, ರಸ್ತೆ. ಕಲ್ಲು ಮುಗಿದಲ್ಲಿ ಒಂದು ಮನೆ. ಲೆಕ್ಕ ಹಾಕಿದರೆ ಉತ್ತರ ಸುಲಭ. ಈ ಲೆಕ್ಕ ಸುಳ್ಳೆಂದು ಹೇಳಲು ನಾನು ತಯಾರಿಲ್ಲ. ನೂರು ಮನೆ ಬಿದ್ದರೂ ಪರವಾಗಿಲ್ಲ, ಒಂದು ಮನೆಗೆ ನೋವಾಗಬಾರದು ಎನ್ನುವವನು ನೂರು ಮನೆಗಳಲ್ಲಿ ಯಾವುದರಲ್ಲೂ ಇರುವವನಲ್ಲ.

ಆದರೆ ಆ ಸೂತ್ರ ಯಾರು ಹಾನಿಯನ್ನು ಹೊರಬೇಕಾಗಬಹುದು ಎಂದಷ್ಟೇ ಹೇಳುತ್ತದೆ. ಉಳಿದವರ ಹೊಣೆ ತೀರಿತು ಎಂದು ಹೇಳುವುದಿಲ್ಲ. ನಮಗಾಗಿ ಒಬ್ಬ ಹೊರೆ ಹೊತ್ತರೆ ನಾವು ಅವನ ಸಾಲಗಾರರು. ಸಾಲವೆಂದರೆ ಕನಿಕರವಲ್ಲ. ಕನಿಕರ ಇಷ್ಟಬಂದಾಗ ತೋರಿಸುವುದು, ಸಾಲ ತೀರಿಸಲೇಬೇಕಾದದ್ದು. ಸತ್ತವನ ಆಸ್ತಿ ಹಂಚುವ ಮೊದಲು ಅವನ ಸಾಲ ತೀರಿಸಬೇಕೆಂಬ ನಿಯಮವಿರುವ ಸಮಾಜ ನಮ್ಮದು. ಗಂಜಿ ಕೇಂದ್ರದಲ್ಲಿ ಎರಡು ದಿನ ಊಟ ಹಾಕಿ, ಒಂದು ಕಂಬಳಿ ಕೊಟ್ಟು, ಫೋಟೋ ತೆಗೆಸಿಕೊಂಡು ಬರುವಾಗ ನಾವು ದಾನ ಮಾಡಿದೆವೆಂದು ತಿಳಿಯುತ್ತೇವೆ. ಕೊಡಬೇಕಾದ ಸಾಲದಲ್ಲಿ ಒಂದು ಕಂತೂ ಅದಲ್ಲ.

ಸಾಲಗಾರರು ಯಾರು ಎಂದು ಕೇಳಿದರೆ ಪಟ್ಟಿ ದಡದಲ್ಲೇ ಮುಗಿಯುವುದಿಲ್ಲ. ಅಳಿವೆಯಲ್ಲಿ ಬೋಟುಗಳು ಮಗುಚಿ ಜೀವ ಹೋಗದಿರಲಿ ಎಂದು 1990ರ ದಶಕದಲ್ಲಿ ನೇತ್ರಾವತಿ-ಗುರುಪುರ ನದಿಗಳ ಅಳಿವೆ ಬಾಗಿಲಿನ ಎರಡೂ ಬದಿಗೆ ಬ್ರೇಕ್‌ವಾಟರ್ ಕಟ್ಟಿದರು. ಉದ್ದೇಶದಲ್ಲಿ ಎಳ್ಳಷ್ಟೂ ಕೆಡುಕಿಲ್ಲ. ಆದರೆ ಕಡಲಿಗೆ ಅಡ್ಡ ಚಾಚಿದ ಯಾವುದೇ ಕಲ್ಲಿನ ದಂಡೆ ದಡದುದ್ದಕ್ಕೂ ಸಾಗುವ ಹೊಯ್ಗೆಯನ್ನು ತಡೆಯುತ್ತದೆ. ಒಂದು ಬದಿಯಲ್ಲಿ ಹೊಯ್ಗೆ ಗುಡ್ಡೆಯಾಗುತ್ತದೆ, ಇನ್ನೊಂದು ಬದಿ ಬಡವಾಗುತ್ತದೆ. ಇನ್ನು ದಡಕ್ಕೆ ಹೊಯ್ಗೆ ಬರುವುದೆಲ್ಲಿಂದ? ಘಟ್ಟದಿಂದ ನದಿ ಹೊತ್ತು ತರಬೇಕು. ನಾವು ಅದನ್ನು ಬಂಟ್ವಾಳದಿಂದ ಉಳ್ಳಾಲದವರೆಗೆ ದಾರಿಯಲ್ಲೇ ದೋಣಿಗೆ ತುಂಬಿ ಲಾರಿಗೆ ಸುರಿಯುತ್ತೇವೆ. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನಂಥವು ಇನ್ನಷ್ಟನ್ನು ಹಿಡಿದಿಡುತ್ತವೆ. ನಗರದ ನನ್ನ ಗೆಳೆಯರ ತಾರಸಿಗಳಲ್ಲಿ ಗಟ್ಟಿಯಾಗಿ ಕುಳಿತಿರುವ ಮರಳಿನಲ್ಲಿ ಸ್ವಲ್ಪವಾದರೂ ಉಳ್ಳಾಲದ ದಡವಾಗಬೇಕಿದ್ದದ್ದು. ದಡ ಕಾಯಲು ತರುವ ಕಗ್ಗಲ್ಲೂ ಯಾವುದೋ ಒಳನಾಡಿನ ಗುಡ್ಡ. ಅಲ್ಲಿ ಸಿಡಿಮದ್ದಿಗೆ ಬಿರುಕು ಬಿಟ್ಟ ಗೋಡೆಯ ಮನೆಯವರೂ ಇದ್ದಾರೆ. ನೆರೆಯವನು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟರೆ ಬೇಲಿಯ ಆಚೆಗೆ ನಿಲ್ಲುವಂತಿಲ್ಲ, ನದಿಯುದ್ದಕ್ಕೂ ನಡೆಯಬೇಕು.

ಪ್ರವಾದಿ ಮುಹಮ್ಮದ್‌ರು (ಸ) ಹೇಳಿದ ಹಡಗಿನ ದೃಷ್ಟಾಂತ ಬುಖಾರಿಯ ಸಂಗ್ರಹದಲ್ಲಿದೆ, ಓದುಗರಿಗೆ ಗೊತ್ತಿರಬಹುದು. ಹಡಗಿನಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಪದೇ ಪದೇ ಮೇಲೆ ಹೋಗಬೇಕು. ಮೇಲಿನವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆಯೋಣ ಎಂದುಕೊಳ್ಳುತ್ತಾರೆ. ಮೇಲಿನವರು ಅವರ ಕೈ ಹಿಡಿಯದಿದ್ದರೆ ಎಲ್ಲರೂ ಮುಳುಗುತ್ತಾರೆ. ಪ್ರವಚನಗಳಲ್ಲಿ ಇದನ್ನು ಹೆಚ್ಚಾಗಿ ಕೆಡುಕನ್ನು ತಡೆಯುವ ಕರ್ತವ್ಯದ ಬಗ್ಗೆ ಹೇಳುತ್ತಾರೆ. ನನ್ನನ್ನು ಕಾಡುವುದು ಬೇರೆ. ಕೆಳಗಿನವರು ಕೆಟ್ಟವರಲ್ಲ, ಬಾಯಾರಿದವರು, ಅದೂ ಸಂಕೋಚದವರು. ಅವರ ಕೈ ಹಿಡಿಯುವವರು ಇನ್ನೊಂದು ಕೈಯಲ್ಲಿ ನೀರಿನ ಕೊಡ ಇಳಿಸಿಕೊಡಬೇಡವೇ? ಕಡಲ ಬದಿಯಲ್ಲಿ ಮನೆ ಕಟ್ಟಿದ್ದೇಕೆ, ಸಿ.ಆರ್.ಝೆಡ್. ಕಾನೂನು ಬಂದು 1991ಕ್ಕೇ ಆಯಿತಲ್ಲ ಎಂದು ಮೊದಲ ಸಾಲಿನವರನ್ನು ಕೇಳುವ ನಮಗೆ ಈ ಪ್ರಶ್ನೆ ಸಲ್ಲುತ್ತದೆ. ಉಳ್ಳಾಲದ ಹಡಗಿನಲ್ಲಿ ತೂತು ಕೊರೆಯುತ್ತಿರುವುದಾದರೂ ಹೆಚ್ಚಾಗಿ ಮೇಲಂತಸ್ತಿನಿಂದಲೇ.

ಆತ್ಮರಕ್ಷಣೆಯಲ್ಲೂ ತರತಮವಿದೆ. ಹಿಮಾಚಲದಲ್ಲಿ ಬಿಯಾಸ್ ನದಿ 1995ರಲ್ಲಿ ಉಕ್ಕಿ ಒಂದು ಹೋಟೆಲ್ ಕಂಪೆನಿಯ ಜಾಗಕ್ಕೆ ನುಗ್ಗಿತು. ಕಂಪೆನಿ ಯಂತ್ರಗಳನ್ನು ಇಳಿಸಿ ನದಿಯ ಹರಿವನ್ನೇ ತಿರುಗಿಸಲು ಹೊರಟಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ನದಿ, ಕಡಲು, ದಡ ಇವುಗಳಿಗೆ ಸರಕಾರ ಒಡೆಯನಲ್ಲ, ಜನರ ಪರವಾಗಿ ಅವುಗಳ ಟ್ರಸ್ಟಿ ಎಂದಿತು. ವಕ್ಫಿನ ಮುತವಲ್ಲಿ ಇದ್ದಂತೆ ಎಂದರೆ ನಮ್ಮವರಿಗೆ ಬೇಗ ತಿಳಿಯುತ್ತದೆ. ಭೌತಶಾಸ್ತ್ರದ ಲೆಕ್ಕದಲ್ಲಿ ಆ ಹೋಟೆಲಿನವರು ಮಾಡಿದ್ದೂ ಉಳ್ಳಾಲದ ಬಡವ ಮರಳಿನ ಚೀಲ ಪೇರಿಸುವುದೂ ಒಂದೇ. ನೀತಿಯ ಲೆಕ್ಕದಲ್ಲಿ ಅಲ್ಲ. ಬೇರೆ ಕಡೆ ಹೋಗಿ ಬದುಕಬಲ್ಲವನು ಮತ್ತು ಹೋಗಲು ಬೇರೆ ಕಡೆಯೇ ಇಲ್ಲದವನು, ಇಬ್ಬರೂ ನೀರನ್ನು ತಳ್ಳಬಹುದು. ಮೊದಲನೆಯವನು ಉಳಿಸಿಕೊಳ್ಳುವುದು ಲಾಭ, ಎರಡನೆಯವನು ಉಳಿಸಿಕೊಳ್ಳುವುದು ಸೂರು.

2010ರ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಉಳ್ಳಾಲದಲ್ಲಿ ದೊಡ್ಡ ಯೋಜನೆ ಬಂತು. ದಡದಲ್ಲಿ ಕಲ್ಲು ಪೇರಿಸುವುದರ ಬದಲು ಕಡಲೊಳಗೇ ರೀಫ್ ಕಟ್ಟಿ, ತೆರೆ ದಡ ತಲುಪುವ ಮೊದಲೇ ಅದರ ಸೊಕ್ಕು ಮುರಿಯುವ ಯೋಚನೆ. ಉಳ್ಳಾಲದ ಕೆಲವು ಕಡೆ ಜನ ಸ್ವಲ್ಪ ಉಸಿರಾಡಿದ್ದಾರೆ. ಈಗ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಯವರು ‘ಅಲ್ಲಿ ತಡೆದದ್ದು ಇಲ್ಲಿಗೆ ಬಂತು’ ಎನ್ನುತ್ತಿದ್ದಾರೆ. 2022ರ ಮಳೆಗಾಲದಲ್ಲಿ ಬಟ್ಟಪ್ಪಾಡಿಯ ರಸ್ತೆ ಕಡಲಿಗೆ ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದಾರೆ. ದೂರಿನಲ್ಲಿ ಎಷ್ಟು ನಿಜ ಎಂಬುದನ್ನು ಅಳೆಯಬಲ್ಲವರು ಅಳೆಯಲಿ. ಆದರೆ ಅವರು ಕೇಳುತ್ತಿರುವುದು ಪ್ಯಾಗಮ್‌ನ ಜಮೀನಿನವನು ಕೇಳಿದ್ದನ್ನೇ.

ಕಲ್ಲು ಮುಗಿದಲ್ಲಿರುವ ಮನೆಯವರನ್ನು ಒಳಗೆ ಐದಾರು ಕಿ.ಮೀ. ದೂರದಲ್ಲಿ ಜಾಗ ಕೊಟ್ಟು ಕೂರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಬೆಳಗಿನ ಜಾವ ಎದ್ದು ಬಾಗಿಲು ತೆರೆದು ಗಾಳಿ ಯಾವ ಕಡೆಯದು, ನೀರಿನ ಬಣ್ಣ ಯಾವುದು ಎಂದು ನೋಡಿ ಬಲೆ ಎತ್ತುವವನನ್ನು ಗುಡ್ಡದ ಸೈಟಿನಲ್ಲಿ ಕೂರಿಸಿದರೆ ಅವನಿಗೆ ಮನೆ ಸಿಗುತ್ತದೆ, ಕಸುಬು ಹೋಗುತ್ತದೆ. ಕೆಲವರು ಅದಕ್ಕೂ ಸಿದ್ಧ. ಕೆಲವರು ಖಂಡಿತ ಇಲ್ಲ. ಅವರನ್ನು ಕೇಳಿಯೇ ತೀರ್ಮಾನಿಸಬೇಕಾದ ವಿಷಯವಿದು, ನಕ್ಷೆ ನೋಡಿ ಅಲ್ಲ. ಅಷ್ಟರವರೆಗೆ ನೆರೆಕರೆಯವರು ತಮಗೆ ತಿಳಿದದ್ದನ್ನು ಮಾಡಿಕೊಂಡಿದ್ದಾರೆ. ನನ್ನ ಬೀದಿಯ ಒಂದು ಬ್ಯಾರಿ ಮನೆಯಲ್ಲಿ ಪ್ರತಿ ಮೇ ಕೊನೆಗೆ ಕಡಲ ಬದಿಯ ಮೊಗವೀರ ಕುಟುಂಬದ ತಗಡಿನ ಪೆಟ್ಟಿಗೆ ಬಂದು ಕೂರುತ್ತದೆ. ಒಳಗೆ ಹಕ್ಕುಪತ್ರ, ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು, ಒಂದು ಜೊತೆ ಬೆಂಡೋಲೆ. ಅಷ್ಟಮಿಯ ಹೊತ್ತಿಗೆ ಹಿಂದೆ ಹೋಗುತ್ತದೆ. ಕೊಡುವವರೂ ಇಟ್ಟುಕೊಳ್ಳುವವರೂ ಇದರ ಬಗ್ಗೆ ಮಾತನಾಡುವುದಿಲ್ಲ. ನಾನು ಕೇಳಿದ್ದಕ್ಕೆ ಆ ಮನೆಯ ಉಮ್ಮ, “ಇದರಲ್ಲಿ ಬರೆಯಲಿಕ್ಕೆ ಏನುಂಟು?” ಎಂದು ಒಳಗೆ ಹೋದರು.

ನನಗೆ ತೋಚುವುದು ಇಷ್ಟು. ಕಲ್ಲು ಹಾಕಲಿ, ಬೇರೆ ದಾರಿ ಸಿಗುವವರೆಗೆ. ಆದರೆ ಗೋಡೆಯ ಲೆಕ್ಕದಲ್ಲಿ ಗೋಡೆ ಮುಗಿಯುವಲ್ಲಿರುವ ಮನೆಯೂ ಸೇರಬೇಕು. ಕಲ್ಲಿಗೆ ಇಷ್ಟು, ಸಾಗಣೆಗೆ ಇಷ್ಟು ಎಂದು ಬರೆಯುವ ಅದೇ ಎಸ್ಟಿಮೇಟಿನಲ್ಲಿ ಆ ಮನೆಯ ಬೆಲೆ, ಅವರು ಕೇಳುವ ಜಾಗ, ಕಸುಬು ತಪ್ಪುವ ದಿನಗಳ ಕೂಲಿ ಮೊದಲೇ ಬರೆದಿರಬೇಕು. ಮನೆ ಬಿದ್ದ ಮೇಲೆ ಪರಿಹಾರದ ಅರ್ಜಿ ಹಿಡಿದು ಅವರು ಅಲೆಯುವುದಲ್ಲ. ಯಾವ ವಾರ್ಡಿಗೆ ಮೊದಲು ಎಂಬ ಗುಸುಗುಸುವಿಗೂ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಾಣುವುದಿಲ್ಲ, ಏಕೆಂದರೆ ಕಲ್ಲು ಎಲ್ಲಿ ನಿಂತರೂ ಅಲ್ಲಿಯವನ ಹೆಸರು ಕಾಗದದಲ್ಲಿರುತ್ತದೆ.

ಇಂತಹ ಎಸ್ಟಿಮೇಟುಗಳನ್ನು ಬರೆದು ನಿವೃತ್ತರಾದ ಗೆಳೆಯರೊಬ್ಬರಿಗೆ ಇದನ್ನು ಹೇಳಿದೆ. ಅವರು ಅರ್ಧ ಗಂಟೆ ಕಿವಿಗೊಟ್ಟು ಕೇಳಿದರು. ಕಲ್ಲಿನ ಗಾತ್ರ, ಟಿಪ್ಪರಿನ ಬಾಡಿಗೆ, ತೆರಿಗೆ, ಮಳೆ ಬಂದು ಕೆಲಸ ನಿಂತರೆ ಆಗುವ ನಷ್ಟ, ಎಲ್ಲದಕ್ಕೂ ಕಾಲಂ ಇದೆ ಎಂದರು. ಮನೆಗೆ? “ಸಾಯ್ಬರೇ, ಮನೆ ಬೇರೆ ಇಲಾಖೆಗೆ ಬರುತ್ತದೆ” ಎಂದು ಚಹಾದ ಲೋಟ ಕೆಳಗಿಟ್ಟರು.